ಎಳೆಯ ಮಕ್ಕಳಿರುವ ಮನೆಗೆ ಸಣ್ಣ ವಿಮಾನ: ಮಲೆನಾಡಿನವರು ಅಳೆದು ತೂಗಬೇಕಾದ ಸಂಗತಿಗಳು

2023ರ ಫೆಬ್ರವರಿ 27ರಂದು ಶಿವಮೊಗ್ಗದ ಹೊರವಲಯದ ಸೋಗಾನೆಯಲ್ಲಿ 3,200 ಮೀಟರ್ ಉದ್ದದ ರನ್‌ವೇ ಇರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಲ್ಲಿಯವರೆಗೆ ಬರೀ ಹಂಬಲವಾಗಿದ್ದ ಪ್ರಶ್ನೆಯೊಂದನ್ನು ನಮ್ಮ ಕಡೆಯ ಕೆಲವರು ಈಗ ಗಂಭೀರವಾಗಿಯೇ ಕೇಳತೊಡಗಿದ್ದಾರೆ: ಸ್ವಂತದ್ದೊಂದು ಸಣ್ಣ ವಿಮಾನ ಇಟ್ಟುಕೊಂಡು, ಮನೆಯವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ತಾವೇ ಹಾರಿಸಿಕೊಂಡು ಹೋಗಬಹುದೇ, ಹೋಗಬಹುದಾದರೆ ಯಾವ ವಿಮಾನ ತಕ್ಕುದು? ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟವಿರುವ, ಆರು ಮತ್ತು ಮೂರು ವರ್ಷದ ಇಬ್ಬರು ಮಕ್ಕಳ ತಂದೆಯಾದ ನಾನು ಖಾಸಗಿ ಪೈಲಟ್ ಪರವಾನಗಿ ಪಡೆದ ಮೇಲೆ ಇದೇ ಲೆಕ್ಕವನ್ನು ಹಲವು ಬಾರಿ ಬರೆದು ಅಳಿಸಿದ್ದೇನೆ. ಕೇಳುವವರೆಲ್ಲ ಮೊದಲು ಬೆಲೆಯನ್ನೂ ಆಮೇಲೆ ವೇಗವನ್ನೂ ವಿಚಾರಿಸುತ್ತಾರೆ. ನನ್ನ ಅನುಭವದಲ್ಲಿ ಇವೆರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ವರ್ಷದಲ್ಲಿ ಎಷ್ಟು ದಿನ ಹಾರಲು ಸಾಧ್ಯ, ಮನೆಮಂದಿಯೆಲ್ಲ ಕೂತ ಮೇಲೆ ಎಷ್ಟು ಇಂಧನ ತುಂಬಲು ಭಾರದ ಮಿತಿ ಉಳಿಯುತ್ತದೆ, ಮಳೆಗಾಲದಲ್ಲಿ ವಿಮಾನವನ್ನು ಎಲ್ಲಿ ಇಡುವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ಬಹುಪಾಲು ತಾನಾಗಿಯೇ ಆಗಿಬಿಡುತ್ತದೆ.

ಮೊದಲು ಮಳೆ, ಆಮೇಲೆ ವಿಮಾನ

ಖಾಸಗಿ ಪರವಾನಗಿ ಮಾತ್ರ ಇರುವವರು ಕಣ್ಣಿಗೆ ಕಾಣುವ ನೆಲ ಮತ್ತು ದಿಗಂತವನ್ನು ನಂಬಿಯೇ ಹಾರಬೇಕು. ಹತ್ತು ಸಾವಿರ ಅಡಿಗಿಂತ ಕೆಳಗೆ ಹಾಗೆ ಹಾರಲು ಕನಿಷ್ಠ 5 ಕಿಲೋಮೀಟರ್ ದೂರ ಕಾಣುತ್ತಿರಬೇಕು. ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ಅಂತರ ಇರಬೇಕು. ರಾತ್ರಿಯ ಹಾರಾಟ ಈ ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮವನ್ನು ನಮ್ಮ ಪಂಚಾಂಗದ ಪಕ್ಕದಲ್ಲಿಟ್ಟು ನೋಡಬೇಕು. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ, ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಬೀಳುವಾಗ, ಘಟ್ಟದ ನೆತ್ತಿಯ ಮೇಲೆ ಮೋಡ ಕೂತೇ ಇರುತ್ತದೆ. ಅಕ್ಟೋಬರ್ ಅರ್ಧ ಹಿಂಗಾರಿಗೆ ಹೋಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ ಶುಭ್ರವಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ಎದ್ದು ನಿಲ್ಲುತ್ತದೆ, ಅದರ ಹತ್ತಿರಕ್ಕೂ ಸಣ್ಣ ವಿಮಾನ ಸುಳಿಯಕೂಡದು. ಚಳಿಗಾಲದಲ್ಲಿ ತುಂಗಾ ಕಣಿವೆಯ ಮಂಜು ಕರಗಲು ಒಂಬತ್ತೋ ಹತ್ತೋ ಗಂಟೆಯಾಗುತ್ತದೆ. ಇಷ್ಟನ್ನೆಲ್ಲ ಕಳೆದರೆ, ನಂಬಿ ಹಾರಬಹುದಾದ ಕಾಲವೆಂದು ಉಳಿಯುವುದು ನವೆಂಬರಿನಿಂದ ಮಾರ್ಚಿಯವರೆಗಿನ ಐದು ತಿಂಗಳು. ಅಡಿಕೆ ಬೆಳೆಗಾರರಿಗೆ ಇಲ್ಲೊಂದು ಇಕ್ಕಟ್ಟು ಬೇರೆ ಇದೆ: ಆಕಾಶ ತಿಳಿಯಾಗುವ ತಿಂಗಳುಗಳಲ್ಲೇ ಕೊನೆಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಬಂದು ಕೂರುತ್ತವೆ. ಇಪ್ಪತ್ತೆರಡು ವಾರಾಂತ್ಯಗಳಲ್ಲಿ ಕೊಯ್ಲು, ಮದುವೆ, ಮಕ್ಕಳ ಜ್ವರ ಎಂದು ಅರ್ಧ ಕಳೆದರೂ ಹನ್ನೊಂದು ಉಳಿದಾವು. ಒಂದೊಂದಕ್ಕೆ ಹೋಗಿಬರುವ ಮೂರು ಗಂಟೆ ಹಿಡಿದರೆ ವರ್ಷಕ್ಕೆ ಮೂವತ್ತಮೂರು ಗಂಟೆ. ಈ ಅಂಕಿಯನ್ನು ನೆನಪಿನಲ್ಲಿಡಬೇಕು, ಮುಂದೆ ಹಣದ ಲೆಕ್ಕ ನಿಲ್ಲುವುದು ಇದರ ಮೇಲೆಯೇ.

ಎರಡು ಸೀಟಿನ ವಿಮಾನಗಳು

ಕಡಿಮೆ ಖರ್ಚಿನ ದಾರಿ ಎಂದು ಎಲ್ಲರೂ ತೋರಿಸುವುದು ಎರಡು ಸೀಟಿನವನ್ನು. ಹಾರಾಟ ಶಾಲೆಗಳಲ್ಲಿ ಹಳೆಯ ಪರಿಚಯವಾದ ಸೆಸ್ನಾ 152, ಎನ್‌ಸಿಸಿಗಾಗಿ ದೇಶಕ್ಕೆ ಬಂದ ಪಿಪಿಸ್ಟ್ರೆಲ್ ವೈರಸ್, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಕೂಸಾಗಿ 2021ರಲ್ಲಿ ಮೊದಲ ಬಾರಿ ಹಾರಿದ ಹಂಸ ಎನ್‌ಜಿ ಇವೆಲ್ಲ ಈ ಸಾಲಿನವು. ಪಿಪಿಸ್ಟ್ರೆಲ್ ಮತ್ತು ಹಂಸ ಎರಡರಲ್ಲೂ ಇರುವುದು ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯ 912 ಸರಣಿಯ ಎಂಜಿನ್. ಅದು ಗಂಟೆಗೆ ಹದಿನೈದರಿಂದ ಹದಿನೆಂಟು ಲೀಟರ್ ಕುಡಿಯುತ್ತದೆ ಮತ್ತು ಸೀಸವಿಲ್ಲದ ಸಾಮಾನ್ಯ ಪೆಟ್ರೋಲಿನಲ್ಲಿ ನಡೆಯುತ್ತದೆ. ಹಾಗೆಂದು ಊರಿನ ಬಂಕಿನಲ್ಲಿ ಕ್ಯಾನಿಗೆ ತುಂಬಿಸಿ ತರಬಹುದೆಂದು ಭಾವಿಸಬಾರದು. ತಯಾರಕರು ಒಪ್ಪಿರುವ ಎಥನಾಲ್ ಮಿಶ್ರಣದ ಮಿತಿ ಶೇಕಡಾ 10, ಈಗ ನಮ್ಮ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 20 ಬೆರೆತದ್ದು.

ಒಬ್ಬರೇ ಹಾರುವವರಿಗೆ, ಅಥವಾ ಮಕ್ಕಳು ಬೆಳೆದು ಓದಲು ಹೊರಗೆ ಹೋಗಿರುವ ದಂಪತಿಗೆ, ಇವು ಒಳ್ಳೆಯ ವಿಮಾನಗಳು. ಎಳೆಯ ಮಕ್ಕಳಿರುವ ಮನೆಗೆ ಇವನ್ನು ನಾನು ಹೇಳಲಾರೆ. ನನ್ನ ಹೆಂಡತಿ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದಳು: "ನೀವೊಬ್ಬರು ಮೇಲೆ, ನಾವು ಮೂವರು ಕೆಳಗೆ ಕತ್ತೆತ್ತಿಕೊಂಡು ನಿಲ್ಲುವುದಕ್ಕೆ ಇಷ್ಟು ದುಡ್ಡೇ?" ಮಗುವನ್ನು ಪಕ್ಕದ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಕೂರಿಸಿಕೊಂಡರಾಯಿತು ಎನ್ನುವವರಿದ್ದಾರೆ. ಆ ಸೀಟಿನ ಮುಂದೆಯೂ ಚಾಲನೆಯ ಹಿಡಿಕೆ ಇರುತ್ತದೆ ಮತ್ತು ಮೂರು ವರ್ಷದ ಕೂಸಿನ ಕೈ ಸುಮ್ಮನಿರುವುದಿಲ್ಲ ಎಂಬ ಎರಡು ಸಂಗತಿಗಳು ಅದಕ್ಕೆ ಉತ್ತರವಾಗಿ ಸಾಕು.

ನಾಲ್ಕು ಸೀಟಿನವುಗಳ ನಡುವೆ

ನಾಲ್ಕು ಸೀಟು ಎಂದ ಮಾತ್ರಕ್ಕೆ ನಾಲ್ಕು ಜನ, ಪೂರ್ತಿ ಇಂಧನ ಮತ್ತು ಚೀಲಗಳೆಲ್ಲ ಹಿಡಿಯುತ್ತವೆ ಎಂದು ಅರ್ಥವಲ್ಲ. ಸೆಸ್ನಾ 172ರ ಈಚಿನ ಮಾದರಿಯನ್ನು ನೋಡೋಣ. 1956ರಿಂದ ಮಾರುಕಟ್ಟೆಯಲ್ಲಿದ್ದು ನಲವತ್ತನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾಗಿರುವ ಈ ವಿಮಾನ ಒಟ್ಟು 1,157 ಕಿಲೋ ಭಾರದವರೆಗೆ ಮೇಲೇರಬಹುದು. ಅದರ ಸ್ವಂತ ತೂಕ ಕಳೆದರೆ ಜನ, ಇಂಧನ, ಸಾಮಾನಿಗೆಂದು ಉಳಿಯುವುದು ಸುಮಾರು 390 ಕಿಲೋ. ನಮ್ಮ ಮನೆಯ ಲೆಕ್ಕ ಹೀಗೆ: ನಾನು 75, ಹೆಂಡತಿ 60, ಮಕ್ಕಳು 22 ಮತ್ತು 15, ಮಕ್ಕಳ ಸೀಟು ಮತ್ತು ಚೀಲ 25, ಒಟ್ಟು 197 ಕಿಲೋ. ಬಳಸಬಹುದಾದ ಇಂಧನ ಸುಮಾರು 200 ಲೀಟರ್, ಅದರ ತೂಕ 144 ಕಿಲೋ. ಎಲ್ಲ ಸೇರಿದರೂ 50 ಕಿಲೋದಷ್ಟು ಮಿಗುತ್ತದೆ. ಈಗ ಎಂಟು ವರ್ಷ ಮುಂದಕ್ಕೆ ಹೋಗಿ, ಮಕ್ಕಳನ್ನು 60 ಮತ್ತು 50 ಕಿಲೋ ಎಂದು ಹಿಡಿಯೋಣ. ಜನ ಮತ್ತು ಸಾಮಾನೇ 270 ಆಗಿ, ಇಂಧನಕ್ಕೆ ಉಳಿಯುವುದು 120 ಕಿಲೋ, ಅಂದರೆ 165 ಲೀಟರಿನಷ್ಟು. ಗಂಟೆಗೆ 35 ಲೀಟರ್ ಎಂದರೆ ನಾಲ್ಕೂವರೆ ಗಂಟೆಗೆ ಸಾಲುತ್ತದೆ. ಸೋಗಾನೆಯಿಂದ ಬೆಂಗಳೂರಿನ ಜಕ್ಕೂರು ವಿಮಾನದಾಣಕ್ಕೆ ನೇರ ದಾರಿಯಲ್ಲಿ ಸುಮಾರು 230 ಕಿಲೋಮೀಟರ್, ಗಂಟೆ ಹತ್ತು ನಿಮಿಷದ ಹಾರಾಟ. ಹೀಗಾಗಿ ಮಕ್ಕಳು ಕಾಲೇಜು ಸೇರುವವರೆಗೂ ಈ ವಿಮಾನ ಸಂಸಾರವನ್ನು ಹೊರುತ್ತದೆ. ವಿಮಾನ ನೋಡಲು ಹೋಗುವವರು ಅದರ ತೂಕದ ಪ್ರಮಾಣಪತ್ರವನ್ನು ಕೇಳಿ, ಮನೆಯ ತಕ್ಕಡಿಯ ಅಂಕಿಯನ್ನು ಅದರ ಮುಂದಿಟ್ಟು ನೋಡಬೇಕು. ಜಾಹೀರಾತಿನ ತೂಕಕ್ಕೂ ಹತ್ತಾರು ವರ್ಷ ಉಪಕರಣ ಸೇರಿಸಿಕೊಂಡ ಹಳೆಯ ವಿಮಾನದ ನಿಜವಾದ ತೂಕಕ್ಕೂ ಬಹಳ ವ್ಯತ್ಯಾಸ ಇರುತ್ತದೆ.

ಭಾರದ ಜೊತೆಗೆ ಬಿಸಿಲನ್ನೂ ಎಣಿಸಬೇಕು. ಶಿವಮೊಗ್ಗ ಸಮುದ್ರಮಟ್ಟದಿಂದ 570 ಮೀಟರಿನ ಆಸುಪಾಸಿನಲ್ಲಿದೆ, ಆದರೆ 36 ಡಿಗ್ರಿ ಸೆಕೆಯ ಮಧ್ಯಾಹ್ನ ಗಾಳಿ ತೆಳುವಾಗಿ, ಎಂಜಿನ್ ಮತ್ತು ರೆಕ್ಕೆ ಎರಡೂ 1,450 ಮೀಟರ್ ಎತ್ತರದಲ್ಲಿದ್ದಂತೆ ವರ್ತಿಸುತ್ತವೆ. ಸೋಗಾನೆಯ ಉದ್ದದ ರನ್‌ವೇ ಇದನ್ನು ಮರೆಸುತ್ತದೆ. ಬೆಂಗಳೂರು 900 ಮೀಟರಿಗೂ ಮೇಲಿರುವುದರಿಂದ, ಸೋಗಾನೆಯ ಮುಂದೆ ಬಹಳ ಗಿಡ್ಡವಾದ ಜಕ್ಕೂರಿನ ರನ್‌ವೇಯಿಂದ ಮಾರ್ಚಿಯ ಮಧ್ಯಾಹ್ನ ನಾಲ್ಕು ಜನರನ್ನು ಹೊತ್ತು ಏಳುವಾಗ ಅದು ತಪ್ಪದೆ ನೆನಪಾಗುತ್ತದೆ. ವಾಪಸಾಗುವ ಹಾರಾಟವನ್ನು ಬೆಳಿಗ್ಗೆಗೇ ಇಟ್ಟುಕೊಳ್ಳುವವರಿಗೆ ಈ ತೊಡಕು ಕಡಿಮೆ.

ಸೆಸ್ನಾದ ದೊಡ್ಡ ಅನುಕೂಲ ಅದರ ರೆಕ್ಕೆ ಮೇಲಿರುವುದು. ಮಕ್ಕಳಿಗೆ ಕೆಳಗಿನ ಗದ್ದೆ, ಹೊಳೆ, ಲಿಂಗನಮಕ್ಕಿಯ ಹಿನ್ನೀರು ಎಲ್ಲವೂ ಕಾಣುತ್ತವೆ, ನೆಲದ ಮೇಲೆ ನಿಂತಾಗ ನೆರಳು ಸಿಗುತ್ತದೆ, ಎರಡೂ ಕಡೆ ಬಾಗಿಲಿವೆ. ಅದರ ದೊಡ್ಡ ತೊಡಕು ಇಂಧನ. ಅದಕ್ಕೆ ಬೇಕಾದ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲನ್ನು ಮೊದಲೆಲ್ಲ ಹೊರದೇಶದಿಂದ ತರಿಸಬೇಕಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಇಲ್ಲಿಯೇ ತಯಾರಿಸಿದ್ದನ್ನು ಬಿಡುಗಡೆ ಮಾಡಿತು. ಆದರೂ ಅದು ಎಲ್ಲ ನಿಲ್ದಾಣಗಳಲ್ಲಿ ಸಿಗುವ ಸರಕಲ್ಲ, ಬಹಳ ಕಡೆ ಪೀಪಾಯಿ ಲೆಕ್ಕದಲ್ಲಿ ತರಿಸಿ ಇಟ್ಟುಕೊಳ್ಳಬೇಕು.

ಈ ತೊಡಕಿಗೆ ಉತ್ತರದಂತೆ ಇರುವುದು ಡೈಮಂಡ್ ಡಿಎ40 ಎನ್‌ಜಿ. ಮರ್ಸಿಡಿಸ್ ಕಾರಿನ ಡೀಸೆಲ್ ಎಂಜಿನನ್ನು ಆಧಾರವಾಗಿಟ್ಟುಕೊಂಡು ರೂಪಿಸಿದ ಇದರ ಎಂಜಿನ್, ದೊಡ್ಡ ಪ್ರಯಾಣಿಕ ವಿಮಾನಗಳು ಬಳಸುವ ಎಟಿಎಫ್ ಇಂಧನದಲ್ಲೇ ನಡೆಯುತ್ತದೆ, ಗಂಟೆಗೆ 25 ಲೀಟರಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಹುಬ್ಬಳ್ಳಿಗೋ ಮಂಗಳೂರಿಗೋ ಗೋವೆಗೋ ಹೋದಾಗ ಇಂಧನದ ಚಿಂತೆ ಕಡಿಮೆ. ಹಿಂದಿನ ಸೀಟಿಗೆ ಪ್ರತ್ಯೇಕ ಬಾಗಿಲಿರುವುದರಿಂದ ಮಕ್ಕಳ ಸೀಟನ್ನು ಕಟ್ಟುವುದೂ ಸುಲಭ. ಮುಂದಿನ ಇಬ್ಬರ ತಲೆಯ ಮೇಲೆ ಇಡೀ ಗಾಜಿನ ಮುಚ್ಚಳ ಇರುವುದರಿಂದ ಬಿಸಿಲಿನಲ್ಲಿ ನಿಂತರೆ ಒಳಗೆ ಬಾಣಲೆಯಂತೆ ಕಾಯುತ್ತದೆ, ದುರಸ್ತಿ ಬಲ್ಲವರು ಸೆಸ್ನಾಕ್ಕೆ ಸಿಗುವಷ್ಟು ಸುಲಭವಾಗಿ ಸಿಗುವುದಿಲ್ಲ. ಹೀಗಿದ್ದರೂ, ಹಣದ ಅಡ್ಡಿ ಇಲ್ಲದಿದ್ದರೆ ಮಲೆನಾಡಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಸಿರಸ್ ಎಸ್‌ಆರ್22ರ ಮಾತು ಬೇರೆಯೇ. 310 ಅಶ್ವಶಕ್ತಿಯ ಎಂಜಿನ್, ಗಂಟೆಗೆ 330 ಕಿಲೋಮೀಟರಿನ ಆಸುಪಾಸಿನ ವೇಗ, ಗಂಟೆಗೆ ಅರವತ್ತು ಲೀಟರ್ ದಾಟುವ ಬಾಯಾರಿಕೆ. ಅದನ್ನು ಮಕ್ಕಳಿರುವವರು ಬಯಸುವುದು ವೇಗಕ್ಕಲ್ಲ, ಇಡೀ ವಿಮಾನವನ್ನೇ ತೂಗಿಸಿಕೊಂಡು ಇಳಿಸುವ ಧುಮುಕುಕೊಡೆಗೆ. ಈ ಕೊಡೆಯಿಂದ ಇನ್ನೂರಕ್ಕೂ ಹೆಚ್ಚು ಜನ ಬದುಕಿ ಬಂದಿದ್ದಾರೆ. ನಮ್ಮ ನೆಲಕ್ಕೆ ಅದರ ಬೆಲೆ ಇನ್ನೂ ಹೆಚ್ಚು ಎಂಬುದು ಸತ್ಯ. ಶಿವಮೊಗ್ಗದಿಂದ ಮೂಡಣಕ್ಕೆ, ಭದ್ರಾವತಿ ಚನ್ನಗಿರಿಯ ಕಡೆ, ಎಂಜಿನ್ ನಿಂತರೆ ಇಳಿಯಲು ಕೊಯ್ಲಾದ ಗದ್ದೆಗಳಾದರೂ ಇವೆ. ಪಡುವಣಕ್ಕೆ ತಿರುಗಿದರೆ ಕಾಡು, ಹಿನ್ನೀರು, ಇವೆರಡೂ ಇಲ್ಲದ ಕಡೆ ಅಡಿಕೆ ತೋಟ. ಐವತ್ತು ಅಡಿಯ ಮರಗಳ ಸಾಲು ಮೇಲಿಂದ ಎಷ್ಟು ಮೆತ್ತಗೆ ಕಂಡರೂ ಅದು ಇಳಿಯುವ ಜಾಗವಲ್ಲ. ಆದರೆ ಕೊಡೆಯಿದೆ ಎಂಬ ಧೈರ್ಯದಿಂದ ಮೋಡದ ಹತ್ತಿರ ಹೋಗುವವರಿಗೆ ಅದೇ ಅಪಾಯವಾಗುತ್ತದೆ. ಜೊತೆಗೆ ಹತ್ತು ವರ್ಷಕ್ಕೊಮ್ಮೆ ಕೊಡೆಯನ್ನು ಬದಲಿಸಿ ಮಡಚಿಸುವ ಖರ್ಚು ಬೇರೆ. ವರ್ಷಕ್ಕೆ ಮೂವತ್ತಮೂರು ಗಂಟೆ ಹಾರುವ ಕೈಗೆ ಇಷ್ಟು ವೇಗದ ವಿಮಾನ ತಕ್ಕುದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥವರು ಸೆಸ್ನಾದಲ್ಲಿ ಮೂಡಣದ ದಾರಿಯನ್ನಷ್ಟೇ ಹಿಡಿದು, ಎತ್ತರದಲ್ಲಿ ಹಾರುವುದು ಮೇಲು.

ಒಬ್ಬರದೇ, ಪಾಲಿನದೇ, ಬಾಡಿಗೆಯದೇ

ಸಕ್ರೆಬೈಲಿನ ಬಿಡಾರದವರಿಗೆ ಗೊತ್ತಿರುವ ಹಾಗೆ ಆನೆ ಕೆಲಸ ಮಾಡದ ದಿನವೂ ಉಣ್ಣುತ್ತದೆ. ವಿಮಾನವೂ ಹಾಗೆಯೇ. ವಿಮೆ, ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವರ್ಷದ ತಪಾಸಣೆ, ಹಾರಾಟ ಯೋಗ್ಯತೆಯ ಪ್ರಮಾಣಪತ್ರದ ನವೀಕರಣ ಇವು ನಿಂತ ಖರ್ಚು. ಇಂಧನ, ಎಣ್ಣೆ, ಇಳಿದಾಣದ ಶುಲ್ಕ ಇವು ಹಾರಿದ ಖರ್ಚು. ಲೆಕ್ಕದ ಸುಲಭಕ್ಕಾಗಿ ನಿಂತ ಖರ್ಚನ್ನು ವರ್ಷಕ್ಕೆ 12 ಲಕ್ಷ ಎಂದು ಹಿಡಿದರೆ, 33 ಗಂಟೆ ಹಾರುವ ಒಬ್ಬ ಒಡೆಯನಿಗೆ ಇಂಧನ ತುಂಬುವ ಮೊದಲೇ ಗಂಟೆಗೆ 36,000 ರೂಪಾಯಿ ಬೀಳುತ್ತದೆ. ಮೂವರು ಸೇರಿ ನೂರು ಗಂಟೆ ಹಾರಿಸಿದರೆ ಅದೇ 12,000 ಆಗುತ್ತದೆ. ಕೊಳ್ಳುವಾಗಿನ ತೆರಿಗೆಯೂ ಕಡಿಮೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನದ ಮೇಲೆ ಶೇಕಡಾ 40 ಜಿಎಸ್‌ಟಿ ಇದೆ.

ಪಾಲಿನ ವಿಮಾನದ ಪರವಾಗಿ ಹಣಕ್ಕಿಂತ ಬಲವಾದ ಇನ್ನೊಂದು ಕಾರಣ ತುಕ್ಕು. ಸೆಸ್ನಾದ ಲೈಕಮಿಂಗ್ ಎಂಜಿನಿನಲ್ಲಿ ಕವಾಟಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಎಂಬ ದಂಡ ಮೇಲ್ಭಾಗದಲ್ಲಿರುವುದರಿಂದ, ವಾರಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಕೆಳಗಿಳಿದು ಲೋಹ ಬರಿದಾಗುತ್ತದೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಸ್ಟು ಹಿಡಿಯುವ ನಮ್ಮ ಜುಲೈ ತಿಂಗಳ ತೇವದಲ್ಲಿ ಆ ಲೋಹಕ್ಕೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇದೇ ಎಂಜಿನನ್ನು 2,000 ಗಂಟೆಗೆ, ಅಷ್ಟು ಹಾರದಿದ್ದರೆ ಹನ್ನೆರಡನೆಯ ವರ್ಷಕ್ಕೆ ಪೂರ್ತಿ ಬಿಚ್ಚಿ ಕಟ್ಟಬೇಕೆಂದು ತಯಾರಕರು ಸೂಚಿಸುತ್ತಾರೆ. ವರ್ಷಕ್ಕೆ 33 ಗಂಟೆಯಂತೆ ಹನ್ನೆರಡು ವರ್ಷಕ್ಕೆ ಆಗುವುದು 400 ಗಂಟೆಗೆ ಸ್ವಲ್ಪ ಕಡಿಮೆ. ಎಂಜಿನಿನ ಆಯುಸ್ಸಿನ ಐದರಲ್ಲಿ ನಾಲ್ಕು ಪಾಲಿಗೆ ದುಡ್ಡು ತೆತ್ತು ಕ್ಯಾಲೆಂಡರಿಗೆ ಕೊಟ್ಟಂತಾಯಿತು.

ಬಾಡಿಗೆಯ ದಾರಿ ಕಲಿತ ಹೊಸತರಲ್ಲಿ ಒಳ್ಳೆಯದು, ನಾನೂ ಈಗ ಹಾರುತ್ತಿರುವುದು ಹಾಗೆಯೇ. ಹಾರಾಟ ಶಾಲೆಯ ಅಥವಾ ಕ್ಲಬ್ಬಿನ ವಿಮಾನವನ್ನು ಗಂಟೆಯ ಲೆಕ್ಕದಲ್ಲಿ ಪಡೆದರೆ ನಿಂತ ಖರ್ಚಿನ ತಲೆನೋವಿಲ್ಲ. ಆದರೆ ತರಬೇತಿಯ ನಡುವೆ ಬಿಡುವು ಸಿಕ್ಕಾಗ ಮಾತ್ರ ಅದು ನಮ್ಮದು, ಸಾಮಾನ್ಯವಾಗಿ ರಾತ್ರಿ ಹೊರಗೆ ಉಳಿಸಿಕೊಳ್ಳಲು ಬಿಡುವುದಿಲ್ಲ. ಬೇರೆಯವರು ಹೇಗೆ ಇಟ್ಟರೋ ಹಾಗೆ ನಮ್ಮ ಕೈಗೆ ಬರುತ್ತದೆ. ಒಮ್ಮೆ ರನ್‌ವೇಯಲ್ಲಿ ಓಟ ಶುರುವಾದ ಮೇಲೆ ವೇಗ ತೋರಿಸುವ ಮುಳ್ಳು ಸೊನ್ನೆಯಿಂದ ಅಲುಗಲೇ ಇಲ್ಲ. ಏಳುವ ಮೊದಲೇ ನಿಲ್ಲಿಸಿ ನೋಡಿದರೆ, ಗಾಳಿ ಒಳಗೆ ಒಯ್ಯುವ ಸಣ್ಣ ಕೊಳವೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಮುಚ್ಚಿಡುವ ಚೀಲ ಕಳೆದು ಎಷ್ಟು ದಿನವಾಗಿತ್ತೋ. ಕೊಳವೆಯೊಳಗೆ ಇಣುಕಿ ನೋಡದೆ ಹತ್ತಿದ್ದು ನನ್ನದೇ ತಪ್ಪು. ಅಂದು ಮಕ್ಕಳು ಜೊತೆಯಲ್ಲಿರಲಿಲ್ಲ.

ಖಾಸಗಿ ವಿಮಾನದಲ್ಲಿ ದುಡ್ಡು ಪಡೆದು ಜನರನ್ನು ಕರೆದೊಯ್ಯುವಂತಿಲ್ಲ. ಆದುದರಿಂದ "ಬಿಡುವಿದ್ದಾಗ ಬಾಡಿಗೆಗೆ ಬಿಟ್ಟು ಖರ್ಚು ಸರಿದೂಗಿಸೋಣ" ಎಂಬ ಯೋಚನೆಯನ್ನು ಆರಂಭದಲ್ಲೇ ಬಿಡಬೇಕು.

ಇಡುವ ಜಾಗದ ವಿಷಯದಲ್ಲಿ, ಪಾಲಿನಲ್ಲಿ ವಿಮಾನ ಕೊಳ್ಳಲು ಹೊರಟಿರುವ ನಾವು ಮೂವರು ಒಪ್ಪಿರುವ ಏರ್ಪಾಡು ಹೀಗಿದೆ. ನವೆಂಬರಿನಿಂದ ಮೇ ಮೊದಲ ವಾರದವರೆಗೆ ವಿಮಾನ ಮಲೆನಾಡಿನ ಅಂಚಿನಲ್ಲಿರಲಿ. ಮುಂಗಾರು ಹಿಡಿಯುವ ಮುಂಚೆ ಅದನ್ನು ಬಯಲುಸೀಮೆಯ ಒಣ ಜಾಗಕ್ಕೆ, ಮೆಕ್ಯಾನಿಕ್‌ಗಳಿರುವ ಕಡೆಗೆ ಸಾಗಿಸಿ, ವರ್ಷದ ತಪಾಸಣೆಯನ್ನು ಆಗಲೇ ಮುಗಿಸಿಕೊಳ್ಳಲಿ. ನಿಲುಗಡೆಯ ಅನುಮತಿಯನ್ನೂ ಇಂಧನದ ಏರ್ಪಾಡನ್ನೂ ವಿಮಾನಕ್ಕೆ ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.

ಕಾರು, ರೈಲು, ಪ್ರಯಾಣಿಕ ವಿಮಾನದ ಎದುರಿಗೆ

ಬರೀ ಬೆಂಗಳೂರು ತಲುಪುವುದೇ ಉದ್ದೇಶವಾದರೆ ಸ್ವಂತ ವಿಮಾನ ಬೇಡ. ತೀರ್ಥಹಳ್ಳಿಯಿಂದ ಸೋಗಾನೆಗೆ ರಸ್ತೆಯಲ್ಲಿ ಒಂದೂವರೆ ಗಂಟೆ. ಹಾರಾಟದ ಯೋಜನೆ ಸಲ್ಲಿಸಿ, ವಾಯುರಕ್ಷಣೆಯ ಅನುಮತಿ ಸಂಖ್ಯೆ ಪಡೆದು, ವಿಮಾನವನ್ನು ಸುತ್ತ ಪರೀಕ್ಷಿಸಿ ಏಳಲು ಇನ್ನೊಂದು ಗಂಟೆ. ಹಾರಾಟ ಗಂಟೆ ಹತ್ತು ನಿಮಿಷ. ಇಳಿದು ಕಟ್ಟಿಹಾಕಿ ನಗರದೊಳಗೆ ಹೋಗಲು ಮತ್ತೊಂದು ಗಂಟೆ. ಕಾರಿನ ಮುಂದೆ ಎರಡು ಗಂಟೆ ಉಳಿದರೆ ಹೆಚ್ಚು, ಸಂಜೆ ಮೋಡ ಕವಿದರೆ ಅದೂ ಇಲ್ಲ. ಸೋಮವಾರ ಮಗುವಿಗೆ ಶಾಲೆ ಇದೆ ಎಂಬ ಆತುರದಲ್ಲಿ ಮೋಡದಡಿ ನುಸುಳುವ ಮನಸ್ಸಾಗುವುದೇ ಈ ಹವ್ಯಾಸದ ದೊಡ್ಡ ಗಂಡಾಂತರ. ಹಾಗಾಗಿ ಪ್ರತಿ ಪ್ರಯಾಣಕ್ಕೂ ರೈಲಿನಲ್ಲಿ ಮರಳಲು ಬೇಕಾದ ಹಣವನ್ನು ಮೊದಲೇ ಖರ್ಚಿಗೆ ಬರೆದುಕೊಂಡಿರುತ್ತೇನೆ.

ಮಕ್ಕಳನ್ನು ಕೂರಿಸುವ ಮುನ್ನ

ಒಳಗಿನ ಸದ್ದು ಎಳೆಯ ಕಿವಿಗೆ ಹೆಚ್ಚು, ಮಕ್ಕಳ ಅಳತೆಯ ಹೆಡ್‌ಸೆಟ್ ಇಲ್ಲದೆ ಎಂಜಿನ್ ಚಾಲೂ ಮಾಡಬಾರದು. ಇಳಿಯುವಾಗ ಕಿವಿ ಕಟ್ಟುವುದರಿಂದ ಮಗುವಿಗೆ ಚಪ್ಪರಿಸಲು ಏನಾದರೂ ಕೊಟ್ಟು ನಿಧಾನವಾಗಿ ಇಳಿಸಬೇಕು, ನೆಗಡಿ ಇದ್ದರೆ ಹಾರಾಟವನ್ನೇ ಬಿಡಬೇಕು. ಕಾರಿನಲ್ಲಿ ಕಟ್ಟುವ ಮಕ್ಕಳ ಸೀಟು ಈ ವಿಮಾನದ ಬೆಲ್ಟಿಗೆ ಹೊಂದುವುದೋ ಇಲ್ಲವೋ ಎಂದು ಕೊಳ್ಳುವ ಮೊದಲೇ ಕೂರಿಸಿ ನೋಡಬೇಕು. ಹೊಗೆಕೊಳವೆ ಬಿರುಕು ಬಿಟ್ಟರೆ ಒಳಗೆ ಸೇರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲವಾದ್ದರಿಂದ ಅದನ್ನು ಪತ್ತೆಹಚ್ಚುವ ಸಣ್ಣ ಯಂತ್ರ ಕಾಕ್‌ಪಿಟ್ಟಿನಲ್ಲಿ ಇರಲೇಬೇಕು. ಮಳೆಗಾಲ ಕಳೆದ ಮೇಲಿನ ಮೊದಲ ಹಾರಾಟ ಬೋಧಕರೊಂದಿಗೆ, ಎರಡನೆಯದು ಒಬ್ಬನೇ, ಆಮೇಲೆ ಮನೆಯವರೊಂದಿಗೆ ಎಂಬುದು ನಮ್ಮ ಮನೆಯ ನಿಯಮ. ಇದನ್ನು ಮಾಡಿದವಳು ನನ್ನ ಹೆಂಡತಿ, ಆದ್ದರಿಂದ ಮೀರುವ ಪ್ರಶ್ನೆ ಇಲ್ಲ.

ನಾವು ಮೂವರು ಈಗ ಹಳೆಯ ಸೆಸ್ನಾ 172 ಒಂದರ ದಾಖಲೆಗಳನ್ನು ಓದುತ್ತಿದ್ದೇವೆ, ಜೊತೆಗೆ ಪಾಲಿನ ಕರಾರನ್ನೂ ಬರೆಯುತ್ತಿದ್ದೇವೆ. ಎಂಜಿನಿಗೆ ಗಂಟೆಗೆ ಇಷ್ಟೆಂದು ಕೂಡಿಡುವ ಹಣ, ಪಾಲು ಬಿಟ್ಟುಹೋಗುವವನಿಗೆ ಕೊಡಬೇಕಾದ ಬೆಲೆ, ಕೆಡಿಸಿದವನೇ ರಿಪೇರಿ ಮಾಡಿಸಬೇಕಾದ ಸಂದರ್ಭಗಳು, ಇವೆಲ್ಲ ಎರಡು ಸಂಜೆಯಲ್ಲಿ ಮುಗಿದವು. ಹಬ್ಬಗಳ ಹಂಚಿಕೆಯೇ ಇನ್ನೂ ಮುಗಿದಿಲ್ಲ. ಗೌರಿ ಗಣೇಶ ಮಳೆಗಾಲದಲ್ಲಿ ಬರುವುದರಿಂದ ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ, ದಸರೆಯನ್ನು ಒಬ್ಬರು ಧೈರ್ಯ ಮಾಡಿ ಬಿಟ್ಟುಕೊಟ್ಟರು, ಸಂಕ್ರಾಂತಿ ಚೀಟಿ ಎತ್ತಿ ನನ್ನ ಪಾಲಿಗೆ ಬಂತು. ದೀಪಾವಳಿಯ ವಾರ ಮಾತ್ರ ಮೂವರಿಗೂ ಬೇಕು.